ಒಂದೇ ವಾಚು, ಎರಡು ಕೈ

'ನಿನ್ನ ಒಳ್ಳೇದಕ್ಕೇ ಹೇಳ್ತಾ ಇದೀನಿ' ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಊರ ಗೌಡ ಹೇಳಿದ, ಸಾಲ ಕೊಟ್ಟ ಸಾವ್ಕಾರ ಹೇಳಿದ, ಹಾಸ್ಟೆಲಿನ ವಾರ್ಡನ್ ಹೇಳಿದ. ಈಗ ಜೇಬಿನೊಳಗಿನ ಮೊಬೈಲು ಹೇಳುತ್ತಿದೆ. ಮಲಗುವ ಹೊತ್ತಾಯಿತು ಅನ್ನುತ್ತದೆ, ನೀರು ಕುಡಿ ಅನ್ನುತ್ತದೆ, ಇವತ್ತು ನೀನು ನಡೆದದ್ದು ಸಾಲದು ಅನ್ನುತ್ತದೆ. ನಾಲ್ಕು ಗಂಟೆ ಹೊತ್ತು ತನ್ನ ಮುಖವನ್ನೇ ನೋಡುವಂತೆ ಮಾಡಿ, ಕೊನೆಗೆ ನಾಲ್ಕು ಗಂಟೆ ಹಾಳು ಮಾಡಿದೆಯಲ್ಲ ಎಂದು ಬುದ್ಧಿಯನ್ನೂ ಹೇಳುತ್ತದೆ. 2018ರಲ್ಲಿ ಗೂಗಲ್ ಕಂಪನಿ ಈ ಬುದ್ಧಿವಾದಕ್ಕೆ 'ಡಿಜಿಟಲ್ ವೆಲ್‌ಬೀಯಿಂಗ್' ಎಂದು ಹೆಸರಿಟ್ಟು ಫೋನಿನೊಳಗೆ ಸೇರಿಸಿತು. ವೆಲ್‌ಬೀಯಿಂಗ್ ಅಂದರೆ ಕ್ಷೇಮ, ಒಳಿತು, ಚೆನ್ನಾಗಿರುವುದು. ಸಾರಾಯಿ ಅಂಗಡಿಯವನೇ ಬಾಗಿಲಿಗೆ ಕುಡಿತ ಬಿಡಿಸುವ ಬೋರ್ಡು ಬರೆಸಿದ ಹಾಗಿದೆ ಇದು. ನಗು ಬರುತ್ತದೆ, ಆದರೆ ನಕ್ಕು ಬಿಟ್ಟುಬಿಡುವ ವಿಷಯ ಅಲ್ಲ.

ಮನುಷ್ಯರ ನಡವಳಿಕೆಯನ್ನು ಬದಲಾಯಿಸಲೆಂದೇ ಒಂದು ಯಂತ್ರವನ್ನು ತಯಾರು ಮಾಡುತ್ತಾರೆ. ಅದರಿಂದ ನಮಗೆ ಒಳಿತಾಗುತ್ತದೆ ಎನ್ನುತ್ತಾರೆ. ಆಗಲಿ. ಆದರೆ ಯಾವುದು ಒಳಿತು ಎಂದು ಗೊತ್ತು ಮಾಡಿದವರು ಯಾರು? ಅದನ್ನು ಯಾವ ಸೇರಿನಲ್ಲಿ ಅಳೆದರು? ಬದಲಾಗಬೇಕಾದ ಮನುಷ್ಯನನ್ನು ಒಂದು ಮಾತು ಕೇಳಿದರೇ? ನಮ್ಮ ತಕರಾರು ಇಷ್ಟೇ. ಇದು ಯಂತ್ರ ಬಲ್ಲವರ ಪ್ರಶ್ನೆ, ನಮಗ್ಯಾಕೆ ಎಂದು ನಮ್ಮ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಸುಮ್ಮನಾಗಬಾರದು. ಯಾಕೆಂದರೆ ನಡವಳಿಕೆಯನ್ನು ತಿದ್ದುವ ಯಂತ್ರ ಈ ನೆಲಕ್ಕೆ ಹೊಸದಲ್ಲ. ಮೇಲುಕೇರಿಯ ಬೀದಿ ಬಂದ ತಕ್ಷಣ ನಮ್ಮ ತಾತಂದಿರ ಕಾಲಿನ ಚಪ್ಪಲಿ ತಾನಾಗಿ ಕೈಗೆ ಬರುತ್ತಿತ್ತು. ಹೊಡೆಯುವವರು ಪ್ರತಿದಿನ ಅಲ್ಲಿ ನಿಂತಿರಬೇಕಾಗಿರಲಿಲ್ಲ. ಬೀದಿಯೇ ಆ ಕೆಲಸ ಮಾಡುತ್ತಿತ್ತು. ವಿದ್ಯುತ್ತಿಲ್ಲದೆ, ತಂತಿಯಿಲ್ಲದೆ ನಡೆದ ಯಂತ್ರ ಅದು.

ಇವತ್ತಿನ ಯಂತ್ರದ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದ್ದ. ಪಾರಿವಾಳಗಳನ್ನು ಹಸಿವಿನಲ್ಲಿಟ್ಟು ಪೆಟ್ಟಿಗೆಯೊಳಗೆ ಬಿಡುತ್ತಿದ್ದ. ಒಂದು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಪ್ರತಿಸಲ ಕುಕ್ಕಿದಾಗಲೂ ಕಾಳು ಬಿದ್ದರೆ ಹಕ್ಕಿ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಾಗೆ ಮಾಡಿದರೆ, ಬಿಡದೆ ಕುಕ್ಕುತ್ತಲೇ ಇರುತ್ತದೆ. 1957ರಲ್ಲಿ ಫರ್ಸ್ಟರ್ ಎಂಬ ಸಹೋದ್ಯೋಗಿಯ ಜೊತೆ ಅವನು ಈ ಲೆಕ್ಕವನ್ನೆಲ್ಲ ದಪ್ಪ ಪುಸ್ತಕ ಮಾಡಿದ. ಬೆರಳಿನಿಂದ ಪರದೆಯನ್ನು ಕೆಳಗೆಳೆದು, ಯಾರಾದರೂ ಮೆಚ್ಚಿದರೋ, ಹೊಸದೇನಾದರೂ ಬಂತೋ ಎಂದು ಹತ್ತು ನಿಮಿಷಕ್ಕೊಮ್ಮೆ ನೋಡುವ ನಮ್ಮ ತಮ್ಮಂದಿರು ಕುಕ್ಕುತ್ತಿರುವುದು ಅದೇ ಗುಂಡಿಯನ್ನು.

1971ರಲ್ಲಿ ಸ್ಕಿನ್ನರ್ ಇನ್ನೊಂದು ಪುಸ್ತಕ ಬರೆದ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಸ್ವಾತಂತ್ರ್ಯ ಮತ್ತು ಘನತೆಯ ಆಚೆಗೆ'. ಮನುಷ್ಯ ಸ್ವತಂತ್ರ, ಅವನಿಗೊಂದು ಘನತೆ ಇದೆ ಎಂಬ ಹಳೆಯ ನಂಬಿಕೆಗಳು ಒಳ್ಳೆಯ ಸಮಾಜ ಕಟ್ಟುವುದಕ್ಕೆ ಅಡ್ಡಿ, ಸುತ್ತಲಿನ ವ್ಯವಸ್ಥೆಯನ್ನು ಸರಿಯಾಗಿ ಜೋಡಿಸಿದರೆ ಜನರ ನಡವಳಿಕೆ ತಾನೇ ನೆಟ್ಟಗಾಗುತ್ತದೆ ಎಂಬುದು ಅವನ ವಾದ. ಓದಿದಾಗ ನಮಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಈ ದೇಶದಲ್ಲಿ ಕೋಟಿಗಟ್ಟಲೆ ಜನ ಘನತೆಯ ಹೊಸ್ತಿಲನ್ನೇ ಇನ್ನೂ ತುಳಿದಿಲ್ಲ. ಈ ಪುಣ್ಯಾತ್ಮ ಅದರ ಆಚೆಗೆ ಹೋಗೋಣ ಬನ್ನಿ ಅಂತಾನೆ! ಉಂಡು ತೇಗಿದವನಿಗೆ ಮಾತ್ರ ಊಟದ ಆಚೆಯ ಮಾತು ಹೊಳೆಯುತ್ತದೆ.

ಸ್ಕಿನ್ನರನ ಪೆಟ್ಟಿಗೆ ಕಂಪ್ಯೂಟರಿನೊಳಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿ.ಜೆ. ಫಾಗ್ ಎಂಬುವರು 'ಪರ್ಸ್ವೇಸಿವ್ ಟೆಕ್ನಾಲಜಿ', ಎಂದರೆ ಮನವೊಲಿಸುವ ತಂತ್ರಜ್ಞಾನ ಎಂಬ ಹೆಸರಿನಲ್ಲಿ ಒಂದು ಪ್ರಯೋಗಾಲಯವನ್ನೇ ತೆರೆದರು. 2003ರಲ್ಲಿ ಅದೇ ಹೆಸರಿನ ಪುಸ್ತಕ ಬಂತು. ಜನರಿಗೆ ಆಸೆ ಇರಬೇಕು, ಕೆಲಸ ಸುಲಭವಿರಬೇಕು, ಸರಿಯಾದ ಹೊತ್ತಿಗೆ ಒಂದು ಸೂಚನೆ ಹೋಗಬೇಕು, ಆಗ ನಡವಳಿಕೆ ಬದಲಾಗುತ್ತದೆ ಎಂಬುದು ಅವರ ಸೂತ್ರ. ಇನ್‌ಸ್ಟಾಗ್ರಾಂ ಕಟ್ಟಿದ ಇಬ್ಬರಲ್ಲಿ ಒಬ್ಬರು ಅಲ್ಲಿ ಕಲಿತವರು. ಫಾಗ್ ಅವರನ್ನು ಖಳನಾಯಕ ಮಾಡುವ ಇರಾದೆ ನಮಗಿಲ್ಲ. ಅವರ ಪುಸ್ತಕದಲ್ಲಿ ನೀತಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ಸಿಗರೇಟು ಬಿಡಿಸುವುದಕ್ಕೆ, ವ್ಯಾಯಾಮ ಮಾಡಿಸುವುದಕ್ಕೆ ಇದನ್ನು ಬಳಸಬಹುದು ಎಂದು ಅವರು ನಿಜವಾಗಿಯೇ ನಂಬಿದ್ದರು. ಆದರೆ ವಿದ್ಯೆ ಯಾರ ಅಂಗಳಕ್ಕೆ ಹೋಯಿತು ಅನ್ನುವುದನ್ನು ನೋಡಬೇಕಲ್ಲ.

ಈಗ ವಾಚಿನ ವಿಷಯಕ್ಕೆ ಬರೋಣ.

ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಎಂಬುದನ್ನು ಇವತ್ತು ನಗರದಲ್ಲಿ ಸಂಬಳ ಎಣಿಸುವವರೆಲ್ಲ ಮಂತ್ರದಂತೆ ಹೇಳುತ್ತಾರೆ. ಈ ಸಂಖ್ಯೆ ಯಾವ ವೈದ್ಯನ ಪ್ರಯೋಗದಿಂದಲೂ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಎಂಬ ಜಪಾನಿ ಕಂಪನಿ ಹೆಜ್ಜೆ ಎಣಿಸುವ ಒಂದು ಸಣ್ಣ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು 'ಮಾನ್‌ಪೋ-ಕೆ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೇಳಲು ಚಂದ, ನೆನಪಿಡಲು ಸುಲಭ, ಅಷ್ಟೇ. ಮಾರಾಟದ ಹೆಸರು ಮುಂದೆ ಆರೋಗ್ಯದ ನಿಯಮವಾಗಿ ಲೋಕವನ್ನೆಲ್ಲ ಸುತ್ತಿತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ 4,400 ಹೆಜ್ಜೆಯಷ್ಟು ನಡೆದವರಲ್ಲೇ, ತೀರಾ ಕಡಿಮೆ ನಡೆಯುವವರಿಗಿಂತ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದರೂ ವಾಚುಗಳು ಮಾತ್ರ ಹತ್ತು ಸಾವಿರ ಮುಟ್ಟಿದರೆ ಪಟಾಕಿ ಹಾರಿಸುತ್ತವೆ, ಮುಟ್ಟದಿದ್ದರೆ ಮುಖ ಸಣ್ಣ ಮಾಡುತ್ತವೆ. 2015ರಲ್ಲಿ ಬಂದ ಆಪಲ್ ವಾಚು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೂತೇ ಇದ್ದರೆ ಗಂಟೆಗೊಮ್ಮೆ ಕೈಯನ್ನು ಮೆತ್ತಗೆ ತಟ್ಟಿ, ಏಳಪ್ಪಾ, ಸ್ವಲ್ಪ ನಿಲ್ಲು ಅನ್ನುತ್ತದೆ.

ಇದು ಒಂದು ಕೈ. ಕುರ್ಚಿಯಲ್ಲಿ ಕೂತಿರುವವರ ಕೈ.

ಇನ್ನೊಂದು ಕೈ ಪೊರಕೆ ಹಿಡಿದಿದೆ. 2020ರಲ್ಲಿ ಚಂಡೀಗಢದ ನಗರಪಾಲಿಕೆ ತನ್ನ ಸಫಾಯಿ ಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿತು. ಯೋಜನೆಯ ಹೆಸರು 'ಹ್ಯೂಮನ್ ಎಫಿಶಿಯೆನ್ಸಿ ಟ್ರ್ಯಾಕಿಂಗ್ ಸಿಸ್ಟಂ', ಮನುಷ್ಯರ ದಕ್ಷತೆಯನ್ನು ಹಿಂಬಾಲಿಸುವ ವ್ಯವಸ್ಥೆ. ಹೆಸರಿನಲ್ಲೇ ಎಲ್ಲ ಇದೆ, ಮುಚ್ಚುಮರೆ ಏನಿಲ್ಲ. ನಾಗಪುರದಲ್ಲೂ ಪಂಚಕುಲದಲ್ಲೂ ಇಂಥವೇ ವಾಚುಗಳು ಬಂದವು. ಆಫೀಸಿನ ಪರದೆಯ ಮೇಲೆ ಒಬ್ಬೊಬ್ಬ ಕಾರ್ಮಿಕ ಒಂದೊಂದು ಚುಕ್ಕೆ. ಚುಕ್ಕೆ ಓಡಾಡುತ್ತಿದ್ದರೆ ಕೆಲಸ ನಡೆಯುತ್ತಿದೆ, ಚುಕ್ಕೆ ನಿಂತರೆ ಕಾರ್ಮಿಕ ಕಳ್ಳ ಬಿದ್ದಿದ್ದಾನೆ. ತನಗೆ ಗೊತ್ತು ಮಾಡಿದ ಬೀದಿಯಿಂದ ಚುಕ್ಕೆ ಆಚೆ ಹೋದರೆ ಸಂಬಳಕ್ಕೆ ಕತ್ತರಿಯ ಭಯ. ಚಾರ್ಜು ಮುಗಿದು ವಾಚು ಸತ್ತರೂ ಹೆದರಬೇಕಾದವರು ಕಾರ್ಮಿಕರೇ. ಪಂಚಕುಲದ ಹೆಂಗಸರು ಇದನ್ನು ಕಟ್ಟಿಕೊಂಡು ಶೌಚಕ್ಕೆ ಹೋಗುವುದಕ್ಕೂ ಅಂಜಿಕೆಯಾಗುತ್ತದೆ ಎಂದು ಪತ್ರಕರ್ತರ ಮುಂದೆ ಹೇಳಿಕೊಂಡರು. ಚಂಡೀಗಢದ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು.

ಎರಡೂ ವಾಚಿನ ಹೊಟ್ಟೆಯೊಳಗೆ ಇರುವ ಸಾಮಾನು ಹೆಚ್ಚು ಕಡಿಮೆ ಒಂದೇ. ಎರಡೂ ನಡವಳಿಕೆಯನ್ನು ತಿದ್ದುತ್ತವೆ. ಒಂದು ಕೈಗೆ 'ಕೂತದ್ದು ಸಾಕು, ನಿನ್ನ ಬೆನ್ನಿಗೆ ಒಳ್ಳೆಯದಲ್ಲ' ಅನ್ನುತ್ತದೆ. ಇನ್ನೊಂದು ಕೈಗೆ 'ಯಾಕೆ ಕೂತೆ?' ಅನ್ನುತ್ತದೆ. ಬೆಳಗಿನ ಜಾವದಿಂದ ಬೀದಿ ಗುಡಿಸುವ ತಾಯಿ ಹೆಜ್ಜೆಗಳ ಲೆಕ್ಕದಲ್ಲಿ ಯಾವ ಮ್ಯಾನೇಜರನನ್ನಾದರೂ ಸೋಲಿಸುತ್ತಾಳೆ. ಅವಳ ಕೈಯ ಮೇಲೆ ಪಟಾಕಿ ಹಾರುವುದಿಲ್ಲ. ಅವಳ ಮಂಡಿನೋವು, ಅವಳು ನುಂಗಿದ ದೂಳು, ಬರಿಗೈಯಲ್ಲಿ ಎತ್ತಿದ ಕಸ ಯಾವುದೂ ಆ ವಾಚಿಗೆ ಕಾಣುವುದಿಲ್ಲ. ಈ ಕೆಲಸ ಮಾಡುವವರು ಯಾವ ಜಾತಿಯವರು ಎಂದು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ, ಚಂಡೀಗಢವಾಗಲಿ ಬೆಂಗಳೂರಾಗಲಿ. ಆ ಕಮಿಷನರ್ ಸಾಹೇಬರ ಕೈಗೂ ಒಂದು ವಾಚು ಕಟ್ಟಿ, ಎಷ್ಟೊತ್ತು ಫೈಲು ನೋಡಿದರು, ಎಷ್ಟೊತ್ತು ಕಾಫಿ ಕುಡಿದರು ಎಂದು ಚುಕ್ಕೆ ನೋಡೋಣವೇ?

ಹಳ್ಳಿಯ ಮೇಷ್ಟ್ರುಗಳಿಗೆ ಇದರ ಇನ್ನೊಂದು ರೂಪ ಗೊತ್ತಿದೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಎಲ್ಲ ಕೆಲಸದ ಜಾಗಗಳಲ್ಲಿ ಮೊಬೈಲು ಆ್ಯಪಿನ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಗಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕಾಯಿತು. ಮಧ್ಯಾಹ್ನದೊಳಗೆ ಗುಂಡಿ ತೋಡಿ ಮುಗಿಸಿದವಳೂ ಎರಡನೇ ಫೋಟೋಕ್ಕಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದ ಕಡೆ ಮಾಡಿದ ಕೆಲಸ ಮಾಡದ ಹಾಗೇ. ಕೂಲಿ ಕದಿಯುವ ಕಂಟ್ರಾಕ್ಟರನನ್ನು ಹಿಡಿಯುವುದಕ್ಕೆ ಅಂತ ತಂದ ಯಂತ್ರ ಹಿಡಿದು ನಿಲ್ಲಿಸಿದ್ದು ಕೂಲಿಯವಳನ್ನು.

ನಮ್ಮ ಕೆಲವು ಪ್ರಗತಿಪರ ಗೆಳೆಯರು ಇದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ. ಯಂತ್ರದ ತಪ್ಪೇನಿಲ್ಲ, ಬಳಸುವವರ ತಪ್ಪು. ಜನರನ್ನು ಕೇಳಿ ಯಂತ್ರ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಅರ್ಧ ಒಪ್ಪೋಣ. ಉಳಿದರ್ಧಕ್ಕೆ ಬಂದಾಗ ವಿಷಯ ಕಗ್ಗಂಟಾಗುತ್ತದೆ. ಕೇಳುವುದು ಅಂದರೆ ಏನು? ಕ್ಷೇಮವನ್ನು ಅಳೆಯುವುದು ಹೇಗೆ?

ಕೇಳದೆಯೇ ಅಳೆಯುವವರ ಕತೆ ಮೊದಲು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ ಕಂಪನಿ 6,89,003 ಜನರ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವರಿಗೆ ಗೆಳೆಯರ ಸಂತೋಷದ ಮಾತುಗಳು ಕಡಿಮೆ ಕಾಣುವಂತೆ, ಇನ್ನು ಕೆಲವರಿಗೆ ದುಃಖದ ಮಾತುಗಳು ಕಡಿಮೆ ಕಾಣುವಂತೆ ಮಾಡಿತು. ಆಮೇಲೆ ಆ ಜನ ತಾವು ಏನು ಬರೆಯುತ್ತಾರೆ ಎಂದು ನೋಡಿತು. 2014ರಲ್ಲಿ ಫಲಿತಾಂಶ ಪ್ರಕಟವಾದಾಗಲೇ ಲೋಕಕ್ಕೆ ಗೊತ್ತಾದದ್ದು, ಆ ಜನರನ್ನು ಯಾರೂ ಕೇಳಿರಲಿಲ್ಲ ಎಂದು. ಪರಿಣಾಮ ಬಹಳ ಸಣ್ಣದು ಎಂದು ಸಂಶೋಧಕರೇ ಬರೆದಿದ್ದಾರೆ. ನಮ್ಮ ಗಮನ ಬೇರೆ ಕಡೆ ಇದೆ. ಮನುಷ್ಯ ಸುಖವಾಗಿದ್ದಾನೋ ದುಃಖದಲ್ಲಿದ್ದಾನೋ ಎಂದು ಅವರು ತಿಳಿದದ್ದು ಅವನ ಬರಹದಲ್ಲಿರುವ ಒಳ್ಳೆಯ ಪದ, ಕೆಟ್ಟ ಪದಗಳನ್ನು ಯಂತ್ರದಿಂದ ಎಣಿಸಿ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ನಮ್ಮ ಹೆಂಗಸರ ಬಾಯಲ್ಲಿ ಬರುವುದೆಲ್ಲ ಚಿನ್ನ, ಹೂವು, ನನ್ನ ದೊರೆ ಎಂಬ ಪದಗಳೇ. ಆ ಎಣಿಕೆಯ ಯಂತ್ರವನ್ನು ಅಲ್ಲಿ ಇಟ್ಟರೆ ಹೆಣದ ಮುಂದೆ ಕೂತವರನ್ನೆಲ್ಲ ಪರಮ ಸುಖಿಗಳ ಪಟ್ಟಿಗೆ ಸೇರಿಸುತ್ತದೆ.

ಹಾಗಾದರೆ ನೇರವಾಗಿ ಕೇಳಿಬಿಡೋಣ ಅನ್ನಬಹುದು. 1944ರಲ್ಲಿ, ಬಂಗಾಳದ ಬರಗಾಲದ ಮರುವರ್ಷ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಹೀಗೆ ಕೇಳಿದ್ದರು. ನಿಮ್ಮ ಆರೋಗ್ಯ ಹೇಗಿದೆ ಎಂಬುದು ಪ್ರಶ್ನೆ. ಹೆಂಡತಿ ಸತ್ತ ಗಂಡಸರಲ್ಲಿ ಶೇಕಡಾ 48.5 ಮಂದಿ ಕಾಯಿಲೆ, ಅಥವಾ ಅಷ್ಟಕ್ಕಷ್ಟೆ ಎಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆ ಹೇಳಿದವರು ಶೇಕಡಾ 2.5 ಮಾತ್ರ. ಬರಗಾಲ ಉಂಡು ಬಿಟ್ಟ ಊರಿನಲ್ಲಿ ವಿಧವೆಯರು ಗಂಡಸರಿಗಿಂತ ಗಟ್ಟಿಮುಟ್ಟಾಗಿದ್ದರು ಎಂದು ಯಾರಾದರೂ ನಂಬಬಹುದೇ? ಅಮರ್ತ್ಯ ಸೇನ್ ಈ ಅಂಕಿಗಳನ್ನು ತಮ್ಮ ಬರಹದಲ್ಲಿ ಎತ್ತಿಕೊಂಡು, ತುಳಿಸಿಕೊಂಡವರು ತಮ್ಮ ಆಸೆಯನ್ನೇ ಕತ್ತರಿಸಿಕೊಂಡು ಬದುಕಲು ಕಲಿಯುತ್ತಾರೆ, ಆದ್ದರಿಂದ ಸುಖವಾಗಿದ್ದೀಯಾ ಎಂಬ ಪ್ರಶ್ನೆಗೆ ಬಂದ ಉತ್ತರವನ್ನಷ್ಟೇ ನಂಬಿ ಒಳಿತನ್ನು ಅಳೆಯಬಾರದು ಎಂದು ವಾದಿಸಿದರು. ಇದು ನಮಗೆ ಸೇನ್ ಹೇಳುವುದಕ್ಕೆ ಮೊದಲೇ ಗೊತ್ತು. ಗೌಡ ಜಗಲಿಯ ಮೇಲೆ ಕೂತು 'ಏನ್ಲಾ, ಸಂದಾಗಿದ್ದೀಯಾ?' ಎಂದಾಗ ನಮ್ಮ ತಾತ 'ಏನೋ ನಿಮ್ ದಯ ಬುದ್ಧಿ, ಸಂದಾಗಿವ್ನಿ' ಅನ್ನುತ್ತಿದ್ದ. ಆ ಉತ್ತರವನ್ನು ಸರ್ವೆ ಫಾರಂನಲ್ಲಿ ತುಂಬಿದರೆ ನಮ್ಮ ಕೇರಿ ಸ್ವರ್ಗವಾಗುತ್ತದೆ. ಅದೇ ತಾತ ಬಾವಿ ಕಟ್ಟೆಯಲ್ಲಿ ತನ್ನ ಓರಗೆಯವನು ಕೇಳಿದಾಗ ಬೇರೆ ಉತ್ತರ ಹೇಳುತ್ತಿದ್ದ. ಕೇಳುವವನ ಕೈಯಲ್ಲಿ ಕೂಲಿಯೋ ಕೋಲೋ ಇರುವಾಗ ಕ್ಷೇಮ ಸಮಾಚಾರ ಕ್ಷೇಮ ಸಮಾಚಾರವಲ್ಲ, ಹಾಜರಿ.

ಹಂಗಾದ್ರೆ ನಡವಳಿಕೆ ಬದಲಾಯಿಸುವುದೇ ತಪ್ಪಾ? ಇದನ್ನು ನಾವು ಒಪ್ಪುವುದಿಲ್ಲ. ಹಾಗೆಂದವರು ಹಳೆಯ ನಡವಳಿಕೆಯಲ್ಲೇ ಸುಖವಾಗಿರುವವರು. ನಮಗೆ ಬದಲಾಗದೆ ಗತಿಯಿಲ್ಲ.

ಇಲ್ಲಿ ನಮಗೆ ದಾರಿ ತೋರುವುದು ಅಂಬೇಡ್ಕರ್ 1936ರಲ್ಲಿ ಲಾಹೋರಿನ ಸಭೆಗೆಂದು ಬರೆದ, ಆದರೆ ಆಡಲು ಬಿಡದ ಭಾಷಣ. ಜಾತಿ ವಿನಾಶದ ಆ ಪುಸ್ತಕದಲ್ಲಿ ಅವರು ನಿಯಮ ಬೇರೆ, ತತ್ವ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. ನಿಯಮ ಹೀಗೆ ಮಾಡು ಅನ್ನುತ್ತದೆ, ಅಡುಗೆಯ ವಿಧಾನ ಹೇಳಿದ ಹಾಗೆ. ತತ್ವ ನಾವು ಮಾಡುವುದನ್ನು ಒರೆಹಚ್ಚಿ ನೋಡಲು ಒಂದು ದೃಷ್ಟಿ ಕೊಡುತ್ತದೆ. ನಿಯಮಕ್ಕಾಗಿ ಒಳ್ಳೆಯದು ಮಾಡುವುದಕ್ಕೂ ತತ್ವವನ್ನು ಅರಿತು ಒಳ್ಳೆಯದು ಮಾಡುವುದಕ್ಕೂ ಬಹಳ ಅಂತರವಿದೆ ಎಂಬುದು ಅವರ ಮಾತಿನ ಸಾರ. ತತ್ವ ತಪ್ಪಿರಬಹುದು, ಆದರೆ ಅಲ್ಲಿ ಮನುಷ್ಯ ಎಚ್ಚರವಾಗಿದ್ದು ತನ್ನ ಕೆಲಸಕ್ಕೆ ತಾನು ಜವಾಬ್ದಾರನಾಗಿರುತ್ತಾನೆ. ನಿಯಮ ಸರಿಯಿರಬಹುದು, ಆದರೆ ಅದನ್ನು ಪಾಲಿಸುವ ಕೆಲಸ ಯಾಂತ್ರಿಕ. ಧರ್ಮಶಾಸ್ತ್ರಗಳ ಬಗ್ಗೆ ಹೇಳಿದ ಈ ಮಾತನ್ನು ಮೊಬೈಲಿಗೆ ಹಚ್ಚಿ ನೋಡಿ. ವಾಚು ತಟ್ಟಿದಾಗ ಎದ್ದು ನಿಲ್ಲುವವನು, ನೋಟಿಫಿಕೇಷನ್ ಬಂದಾಗ ನೀರು ಕುಡಿಯುವವನು ಬಹುಶಃ ಇನ್ನೂ ನಾಲ್ಕು ವರ್ಷ ಹೆಚ್ಚು ಬದುಕಬಹುದು. ಆದರೆ ಅವನಿಗೆ ತನ್ನ ಬಾಯಾರಿಕೆ ತನಗೆ ತಿಳಿಯುವುದು ತಪ್ಪಿಹೋಯಿತಲ್ಲ, ಇದನ್ನು ಯಾವ ಲೆಕ್ಕಕ್ಕೆ ಹಾಕೋಣ?

ಅದೇ ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ನಡವಳಿಕೆಯನ್ನು ಬದಲಾಯಿಸಲು ನಿಂತರು. 22 ಪ್ರತಿಜ್ಞೆಗಳು. ಕುಡಿಯುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂಬುವೂ ಅದರಲ್ಲಿ ಸೇರಿದ್ದವು. ಆದರೆ ಪ್ರತಿಜ್ಞೆಯನ್ನು ಹಗಲು ಹೊತ್ತಿನಲ್ಲಿ, ಎಲ್ಲರ ಮುಂದೆ, ತನ್ನ ಬಾಯಿಂದ ತಾನೇ ಆಡಬೇಕು. ಯಾವುದನ್ನು ಬಿಡುತ್ತಿದ್ದೇನೆ, ಯಾಕೆ ಬಿಡುತ್ತಿದ್ದೇನೆ ಎಂದು ಗೊತ್ತಿದ್ದೇ ಆಡುವುದು. ಮುರಿದರೆ ಮುರಿದದ್ದೂ ಗೊತ್ತಾಗುತ್ತದೆ. ಪೆಟ್ಟಿಗೆಯೊಳಗಿನ ಪಾರಿವಾಳಕ್ಕೆ ಪ್ರತಿಜ್ಞೆ ಇಲ್ಲ, ಅದಕ್ಕೆ ಕಾಳು ಮಾತ್ರ. ಅದೇ ನಾಗಪುರದಲ್ಲಿ ಅರವತ್ತು ಚಿಲ್ಲರೆ ವರ್ಷಗಳಾದ ಮೇಲೆ ಕಸ ಗುಡಿಸುವವರ ಕೈಗೆ ವಾಚು ಕಟ್ಟಿದರು. ದೀಕ್ಷಾಭೂಮಿಯಲ್ಲಿ ಪ್ರತಿಜ್ಞೆ ಮಾಡಿದವರ ಮೊಮ್ಮಕ್ಕಳೂ ಆ ಕಾರ್ಮಿಕರ ಸಾಲಿನಲ್ಲಿ ಇದ್ದಿರಬೇಕು.

ಆದ್ದರಿಂದ ನಮ್ಮ ಅಳತೆಗೋಲು ಇದು: ಯಂತ್ರ ತಾನು ಏನು ಮಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಮನುಷ್ಯ ಅದನ್ನು ಬೇಕು ಅನ್ನುತ್ತಾನೆಯೇ? ಬೇಡ ಅಂದರೆ ಅವನ ಕೂಲಿಗೆ, ಮಾನಕ್ಕೆ ಏಟು ಬೀಳದೆ ಇರುತ್ತದೆಯೇ? ಈ ಕೋಲನ್ನು ಹಿಡಿದು ನೋಡಿದರೆ ಎಲ್ಲ ಯಂತ್ರಗಳೂ ಬೀಳುವುದಿಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ '99ಡಾಟ್ಸ್' ಎಂಬುದನ್ನು ಕ್ಷಯರೋಗಿಗಳಿಗಾಗಿ ಮಾಡಿದರು. ಅದಕ್ಕೆ ಮೊದಲು ರೋಗಿ ಆರೋಗ್ಯ ಕೇಂದ್ರಕ್ಕೆ ಹೋಗಿ ಇನ್ನೊಬ್ಬರ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ಕೂಲಿ ಮಾಡುವವನಿಗೆ ಹೋಗಿಬರುವುದರಲ್ಲೇ ಅರ್ಧ ದಿನ ಹಾಳು, ಊರಿಗೆಲ್ಲ ಕಾಯಿಲೆಯ ಸುದ್ದಿ. ಈ ಹೊಸ ವಿಧಾನದಲ್ಲಿ ಮಾತ್ರೆಯನ್ನು ಪ್ಯಾಕಿನಿಂದ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಒಂದು ಫೋನ್ ನಂಬರು ಕಾಣುತ್ತದೆ. ಅದಕ್ಕೊಂದು ಪುಕ್ಕಟೆ ಕರೆ ಮಾಡಿದರೆ ಮಾತ್ರೆ ತಗೊಂಡ ಲೆಕ್ಕ. ಇದೂ ಕಾವಲೇ. ಆದರೆ ಯಾಕೆ ಕಾಯುತ್ತಿದ್ದಾರೆ ಎಂದು ರೋಗಿಗೆ ಗೊತ್ತು, ಗುಣವಾಗಬೇಕು ಎಂಬ ಆಸೆ ಅವನದೇ, ಕೂಲಿಯೂ ಉಳಿಯುತ್ತದೆ. ಮಾತ್ರೆ ನುಂಗದೆಯೇ ಕರೆ ಮಾಡುವವರೂ ಉಂಟು. ಅವರನ್ನು ಕಳ್ಳರೆನ್ನುವ ಬದಲು ಯಾಕಪ್ಪಾ ನುಂಗಲಿಲ್ಲ, ಹೊಟ್ಟೆಗೆ ಊಟ ಇತ್ತಾ ಎಂದು ಕೇಳುವ ಒಬ್ಬ ಮನುಷ್ಯ ಆಮೇಲೆ ಬಾಗಿಲಿಗೆ ಬರಬೇಕು. ಯಂತ್ರದ ಕೈಲಿ ಅಷ್ಟಾಗುವುದಿಲ್ಲ.

ಈಗ ಸಂಘಗಳಲ್ಲಿ ಕೆಲಸ ಮಾಡುವ ಗೆಳೆಯರಿಗೆ ಒಂದು ಮಾತು. 2025ರಲ್ಲಿ ಕರ್ನಾಟಕದಲ್ಲಿ ಡೆಲಿವರಿ ಹುಡುಗರು, ಟ್ಯಾಕ್ಸಿ ಡ್ರೈವರುಗಳಂಥ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಬಂದಿದೆ. ನಮ್ಮ ಹಾಗೆ ಡಿಗ್ರಿ ಮುಗಿಸಿ ಬೆನ್ನಿಗೆ ಊಟದ ಬ್ಯಾಗು ಕಟ್ಟಿಕೊಂಡವರು ಅದರೊಳಗಿದ್ದಾರೆ. ಇನ್ನೊಂದು ಆರ್ಡರು ಮಾಡಿದರೆ ಇಷ್ಟು ಬೋನಸ್ಸು ಎಂದು ಆ್ಯಪು ಆಸೆ ತೋರಿಸುವುದು, ಬೇಡ ಅಂದವನಿಗೆ ಕೆಲಸವೇ ಕಡಿಮೆಯಾಗುವುದು ಅವರಿಗೆ ದಿನದ ಅನುಭವ. ತನ್ನನ್ನು ಕಾಯುವ, ತನ್ನ ಬಗ್ಗೆ ತೀರ್ಮಾನ ಮಾಡುವ ಯಂತ್ರದ ವಿಷಯವನ್ನು ಕಾರ್ಮಿಕನಿಗೆ ತಿಳಿಸಬೇಕು ಎಂಬ ಅಂಶ ಆ ಕಾಯಿದೆಯಲ್ಲಿದೆ. ಒಳ್ಳೆಯದೇ. ಆದರೆ ಪೌರಕಾರ್ಮಿಕರು, ಕೂಲಿಗಳು ಇದರೊಳಗೆ ಇಲ್ಲ. ಅವರ ಕೈಗೆ ವಾಚು ಕಟ್ಟಲು ಬರುವವರನ್ನು ಏನು ಕೇಳಬೇಕು ಎಂದು ನಾವೇ ಈಗ ಕೂತು ಬರೆದಿಟ್ಟುಕೊಳ್ಳಬೇಕು.

ವಾಚು ಬೇಡವೇ ಬೇಡ ಎಂದು ಹಟ ಹಿಡಿಯುವವರು ಹಿಡಿಯಲಿ, ಅದೂ ನ್ಯಾಯವೇ. ನಮಗೆ ಇನ್ನೊಂದು ಯೋಚನೆ ಬರುತ್ತದೆ. ಕಟ್ಟುವುದಾದರೆ ಆ ವಾಚು ಕಟ್ಟಿಕೊಂಡವಳಿಗೇ ಲೆಕ್ಕ ಒಪ್ಪಿಸಲಿ. ಪಾಳಿ ಮುಗಿದ ಮೇಲೂ ಎಷ್ಟು ಹೊತ್ತು ದುಡಿಸಿದರು ಎಂದು ಬರೆದಿಡಲಿ. ಇಡೀ ಬೀದಿಯಲ್ಲಿ ಅವಳಿಗೊಂದು ಶೌಚಾಲಯ ಇಲ್ಲ, ಕುಡಿಯುವ ನೀರಿಲ್ಲ, ಕೈಗವಸು ಕೊಟ್ಟು ಆರು ತಿಂಗಳಾಯಿತು ಎಂದು ಮೇಲಿನವರ ಪರದೆಯ ಮೇಲೆ ಕೆಂಪು ಚುಕ್ಕೆ ಹಚ್ಚಲಿ. ಆ ಚುಕ್ಕೆ ಆರುವ ತನಕ ಅಧಿಕಾರಿಯ ಸಂಬಳಕ್ಕೆ ತಡೆ ಬೀಳಲಿ. ಅವನ ನಡವಳಿಕೆಯೂ ಸ್ವಲ್ಪ ಬದಲಾಗಬೇಕಲ್ಲ. ಇಂಥ ವಾಚು ಮಾಡುವುದು ಎಂಜಿನಿಯರುಗಳಿಗೆ ಕಷ್ಟವೇನಲ್ಲ, ಒಳಗಿನ ಸಾಮಾನು ಅದೇ. ಇದಕ್ಕೆ ಟೆಂಡರು ಕರೆಯುವವರು ಇದುವರೆಗೆ ಕಂಡಿಲ್ಲ. ಪೌರಕಾರ್ಮಿಕರ ಸಂಘದವರು ತಮ್ಮ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಲಿ. ಗುಡಿಸುವ ಹೆಂಗಸರೇ ಮೊದಲು ಮಾತಾಡಲಿ, ನಾವು ಪದವೀಧರರು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತೇವೆ.